ಹರಿದ ರೊಟ್ಟಿಯ ಪಾಠ

ಗುಳೇದಗುಡ್ಡದಲ್ಲಿ ನಿಂಬೆಕ್ಕ ಎಂಬ ಗಟ್ಟಿಗಿತ್ತಿ ಇದ್ದಳು. ಅವಳು ಬಡಿಯುವ ಜೋಳದ ರೊಟ್ಟಿಗೆ ಊರೇ ಮಾರುಹೋಗಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬಿತೆಂದರೆ ನಿಂಬೆಕ್ಕನ ಮುಖ ಅರಳುತ್ತಿತ್ತು. ಗಂಡ ಕಲ್ಲಪ್ಪನದು ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಗಿರಣಿಗೆ ಬಿಡುವಾದಾಗ ಅವನು ಫೋನು ಹಿಡಿದು ನಿಲ್ಲುತ್ತಿದ್ದ, ಅವಳು ರೊಟ್ಟಿ ಬಡಿಯುತ್ತ ಪಾಠ ಹೇಳುತ್ತಿದ್ದಳು. ಹೀಗೆ ಶುರುವಾಯಿತು ನಿಂಬೆಕ್ಕನ ಆನ್‌ಲೈನ್ ರೊಟ್ಟಿ ಶಾಲೆ.

ಶಾಲೆಗೆ ಫೀಸಿಲ್ಲ, ಗೋಡೆಯಿಲ್ಲ, ಗಂಟೆಯಿಲ್ಲ. ಯಾರು ಬೇಕಾದರೂ, ಎಲ್ಲಿ ಕೂತಾದರೂ ಕಲಿಯಬಹುದು. ಕಲಿತವರು ತಮ್ಮ ರೊಟ್ಟಿಯ ಒಂದು ಫೋಟೊ ಕಳಿಸಿದರಾಯಿತು. ದುಂಡಗಿದ್ದರೆ ಪಾಸು! ನಿಂಬೆಕ್ಕನ ನಗುಮುಖವಿದ್ದ ಸರ್ಟಿಫಿಕೇಟು ಫೋನಿಗೇ ಬಂದು ಬೀಳುತ್ತಿತ್ತು.

ಶಾಲೆ ಬೆಳೆಯಿತೋ ಬೆಳೆಯಿತು. ಕಲಿಯುವವರು ಹತ್ತು ಸಾವಿರ ದಾಟಿದ ದಿನ ಕಲ್ಲಪ್ಪ ಓಣಿಗೆಲ್ಲ ಪೇಢೆ ಹಂಚಿದ. ನಿಂಬೆಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹತ್ತು ಸಾವಿರ ಮನೆಗಳಲ್ಲಿ ತನ್ನ ರೊಟ್ಟಿ ಉಬ್ಬುತ್ತಿದೆ ಎಂದು ನೆನೆದು ನೆನೆದು ಹಿಗ್ಗಿದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಏನೋ ಒಂದಿತ್ತು.

"ನಿಂಬೆಕ್ಕಾ, ನಾನು ಪುಟ್ಟತಾಯಿ. ಹುಣಸೂರಿಂದ ಬಂದಿದ್ದೀನಿ. ನಿಮ್ ಶಾಲೇಲೇ ಕಲ್ತೋಳು."

"ಬಾರವಾ ನನ್ನವ್ವಾ! ಅಷ್ಟು ದೂರದಿಂದ ಬಂದೀಯಾ! ತಗೋ, ಪೇಢಾ ತಿನ್ನು."

ಪುಟ್ಟತಾಯಿ ಪೇಢೆ ಮುಟ್ಟಲಿಲ್ಲ. ಟವೆಲು ಬಿಚ್ಚಿದಳು. ಒಳಗೆ ಅಚ್ಚು ತೆಗೆಸಿ ಕಟ್ಟು ಹಾಕಿಸಿದ ಸರ್ಟಿಫಿಕೇಟು, ಅದರಲ್ಲಿ ನಿಂಬೆಕ್ಕನ ನಗುಮುಖ.

"ಇದನ್ನ ವಾಪಸ್ ತಗೊಳ್ಳಿ ಅಕ್ಕಾ. ಇದು ನಂಗೆ ಸಲ್ಲಲ್ಲ."

ಅವಳದು ಚಿಕ್ಕ ಹೋಟೆಲು. ಮುದ್ದೆ ಊಟಕ್ಕೆ ಹೆಸರಾಗಿತ್ತು. ಸರ್ಟಿಫಿಕೇಟು ಬಂದ ಹುರುಪಿನಲ್ಲಿ ಅದನ್ನು ಗೋಡೆಗೆ ತೂಗುಹಾಕಿ, 'ಜೋಳದ ರೊಟ್ಟಿ ಊಟ ಸಿಗುತ್ತದೆ' ಎಂದು ಬೋರ್ಡು ಬರೆಸಿದಳು. ವಿಜಯಪುರದಿಂದ ವರ್ಗವಾಗಿ ಬಂದಿದ್ದ ಮೇಷ್ಟ್ರೊಬ್ಬರು ಊರಿನ ರೊಟ್ಟಿ ಸಿಕ್ಕಿತೆಂದು ಓಡೋಡಿ ಬಂದರು. ರೊಟ್ಟಿ ಮುರಿದರು. ಅದು ಹೆಂಚಿನ ಚೂರಿನಂತೆ ಸದ್ದು ಮಾಡಿತು. ಮೇಷ್ಟ್ರು ಕೈಯಲ್ಲಿದ್ದ ಚೂರನ್ನು ತಟ್ಟೆಯ ಅಂಚಿಗಿಟ್ಟರು. ಗೋಡೆಯ ಸರ್ಟಿಫಿಕೇಟನ್ನೊಮ್ಮೆ ನೋಡಿ, ಅನ್ನ ಕೇಳಿ ಉಂಡು ಎದ್ದುಹೋದರು. ಬೈದಿದ್ದರೂ ಪುಟ್ಟತಾಯಿಗೆ ಅಷ್ಟು ನೋವಾಗುತ್ತಿರಲಿಲ್ಲ.

"ಖರೇನ? ಫೋಟೊದಾಗ ಎಷ್ಟ್ ಚಂದ ದುಂಡಗಿತ್ತಲ್ಲ!" ಎಂದಳು ನಿಂಬೆಕ್ಕ.

"ಅದು ಡಬ್ಬಿ ಮುಚ್ಚಳ ಅಕ್ಕಾ. ಅಂಚೆಲ್ಲ ಹರ್ದೋಗಿತ್ತು, ಮುಚ್ಚಳ ಒತ್ತಿ ಕತ್ತರಿಸ್ಬಿಟ್ಟೆ."

ಕಲ್ಲಪ್ಪ ಕಿಸಕ್ಕನೆ ನಕ್ಕ. ನಿಂಬೆಕ್ಕನಿಗೆ ಮೊದಲು ಸಿಟ್ಟು ಬಂತು. ತನಗೇ ಟೋಪಿ ಹಾಕಿದಳಲ್ಲ! ಆದರೆ ಮೋಸ ಮಾಡುವ ಮನಸ್ಸಿದ್ದವಳು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಸರ್ಟಿಫಿಕೇಟು ಮರಳಿಸಲು ಬರುತ್ತಾಳೆಯೇ? ಸಿಟ್ಟು ಅಲ್ಲಿಗೇ ಇಳಿಯಿತು.

"ಒಲಿ ಮುಂದ ಬಾ. ಹಿಟ್ಟು ತಂದೀಯೇನು? ತಾ ಇಲ್ಲಿ. ಕೈಯಾಗ ಕಸುಬಿದ್ರ ಯಾವ ಹಿಟ್ಟಾದ್ರೂ ಹೇಳಿದಂಗ ಕೇಳತೈತಿ, ನೋಡು."

ಪುಟ್ಟತಾಯಿ ತಪ್ಪೆಲ್ಲಿದೆ ಎಂದು ಕೇಳಲು ತಂದಿದ್ದ ಅಂಗಡಿಯ ಹಿಟ್ಟಿನ ಪೊಟ್ಟಣವನ್ನು ಚೀಲದಿಂದ ತೆಗೆದುಕೊಟ್ಟಳು. ಕಲ್ಲಪ್ಪ ರೂಢಿಯಂತೆ ಫೋನು ಹಿಡಿದು ವಿಡಿಯೋ ಶುರುಮಾಡಿದ. ನಿಂಬೆಕ್ಕ ಸೆರಗು ಸಿಕ್ಕಿಸಿ, ಬಿಸಿನೀರು ಸುರಿದು, ಹದವಾಗಿ ನಾದಿ, ಠೀವಿಯಿಂದ ಬಡಿಯತೊಡಗಿದಳು.

ರೊಟ್ಟಿ ಹರಿಯಿತು.

ಮತ್ತೆ ನಾದಿದಳು. ಮತ್ತೆ ಹರಿಯಿತು. ಮೂರನೆಯದನ್ನು ಹಂಚಿಗೆ ಎತ್ತುವಾಗ ಅರ್ಧ ಕೈಯಲ್ಲಿ ಉಳಿಯಿತು, ಅರ್ಧ ಬಡಿಯುವ ಕಲ್ಲಿನ ಮೇಲೆ ಉಳಿಯಿತು. ನಿಂಬೆಕ್ಕನ ಹಣೆಯಲ್ಲಿ ಬೆವರು ಕಿತ್ತುಬಂತು. ಪುಟ್ಟತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು, ಆದರೂ ನಗು ಹೊರಗೆ ಚಿಮ್ಮಿತು. ಅದನ್ನು ಕಂಡು ನಿಂಬೆಕ್ಕನಿಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ನಗು ಇಳಿದ ಮೇಲೆ ನಿಂಬೆಕ್ಕ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಬೀಸಿ ಎಷ್ಟೋ ದಿನ ಆಗಿತ್ತು. ಜಿಗಿ ಒಂಚೂರೂ ಇರಲಿಲ್ಲ.

"ನಮ್ಮ ಮನ್ಯಾಗ ಗಿರಣಿ ಐತಿ. ಬಿಸಿ ಬಿಸಿ ಹಿಟ್ಟು ಹಂಗ ನಾದೋ ಪರಾತಕ್ಕ ಬರತೈತಿ. ಹಳೇ ಹಿಟ್ಟು ಬ್ಯಾಡ ಅಂತ ನಾನು ಪಾಠದಾಗ ಹೇಳೇ ಇಲ್ಲವಾ! ಹೇಳಬೇಕಂತ ತಿಳೀಲೂ ಇಲ್ಲ. ನೀ ಮುಚ್ಚಳ ಒತ್ತಿದ್ದು ತಪ್ಪು. ನಾ ತಿಂದು ನೋಡದ ಪಾಸ್ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು."

ಕಲ್ಲಪ್ಪ ಗಾಬರಿಯಿಂದ ಫೋನು ಒತ್ತತೊಡಗಿದ. "ಇದನ್ನ ಅಳಿಸಿಬಿಡ್ತೀನಿ. ನಿನ್ನ ರೊಟ್ಟಿ ಹರಿದದ್ದು ಮಂದಿ ಕಂಡ್ರ ಶಾಲಿ ಮಾನ ಹೋಗತೈತಿ."

ನಿಂಬೆಕ್ಕ ಹರಿದ ರೊಟ್ಟಿಯ ಚೂರುಗಳನ್ನು ಒಟ್ಟು ಮಾಡಿದಳು. ಕಷ್ಟಪಟ್ಟು ಗಳಿಸಿದ ಹೆಸರು. ಅಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹತ್ತು ಸಾವಿರ ಜನರಲ್ಲಿ ಇನ್ನೆಷ್ಟು ಪುಟ್ಟತಾಯಿಯರು ಹರಿದ ರೊಟ್ಟಿ ಮುಂದಿಟ್ಟುಕೊಂಡು, ತಮ್ಮ ಕೈಯೇ ಸರಿಯಿಲ್ಲ ಎಂದು ಕೊರಗುತ್ತಿದ್ದಾರೋ!

"ಅಳಿಸಬ್ಯಾಡ್ರಿ. ಇದನ್ನ ಮೊದಲನೇ ಪಾಠ ಮಾಡ್ರಿ. ಕಲಿಯೋರಿಗೆ ಎಲ್ಲಿ ತೊಡಕಾತು ಅಂತ ಅವರನ್ನ ಕೇಳೂಣು. ಫೋಟೊ ನೋಡಿ ಪಾಸ್ ಮಾಡೂದು ಇವತ್ತಿಗೆ ಮುಗೀತು. ರೊಟ್ಟಿ ಉಂಡು ಬೆಳೆದೋರು ಒಬ್ಬರು ತಿಂದು, ತಾವಾಗಿ ಫೋನಿನಾಗ ಹೇಳಬೇಕು."

"ಮಂದಿ ಬಿಟ್ಟು ಹೋಗತಾರಲ್ಲ!"

"ಹೋಗಲಿ. ಬಾಗಿಲಾ ತೆರೆದ ಇರತೈತಿ, ಮತ್ತ ಬರತಾರ."

ಕಲ್ಲಪ್ಪನಿಗೆ ಮತ್ತೊಂದು ಚಿಂತೆ ಹತ್ತಿತು. ಫೋನಿನಲ್ಲಿದ್ದ ಎಐಗೆ ಏನೋ ಹೇಳಿ ಹೆಂಡತಿಯ ಮುಂದೆ ಹಿಡಿದ. ಒಲೆ ಹಚ್ಚದೆ, ಹಿಟ್ಟು ಮುಟ್ಟದೆ, ಆವಿಯಾಡುವ ರೊಟ್ಟಿಯ ಚಿತ್ರವೊಂದು ಅದರಲ್ಲಿ ಮೂಡಿತ್ತು.

"ಅಯ್ಯ, ನನಕಿಂತ ಚಂದ ಮಾಡೇತಿ!" ಎಂದು ನಿಂಬೆಕ್ಕ ನಕ್ಕಳು.

"ನಗಬ್ಯಾಡ. ನಾಳೆ ಇದು ತಿಂದವರ ದನೀನೂ ಮಾಡಿಕೊಟ್ರ ಏನ್ ಮಾಡ್ತಿ?"

"ನಾಳೆ ಪರೀಕ್ಷಾನೂ ಬದಲ ಮಾಡೂಣು. ಹಿಟ್ಟು ನೋಡಿ ನೀರು ಹಾಕೂದು ನಮಗೇನು ಹೊಸಾದಲ್ಲ."

ಮರುದಿನ ಪುಟ್ಟತಾಯಿ ಹೊಸ ಹಿಟ್ಟಿನಲ್ಲಿ ಬಡಿದ ರೊಟ್ಟಿ ಹಂಚಿನ ಮೇಲೆ ಚೆಂಡಿನಂತೆ ಉಬ್ಬಿತು. ಅವಳು ಚಪ್ಪಾಳೆ ತಟ್ಟಿದ ರಭಸಕ್ಕೆ ಹಿಟ್ಟು ಕಲ್ಲಪ್ಪನ ಮೀಸೆಗೆಲ್ಲ ಹಾರಿತು. ಹೊರಡುವಾಗ ಅವನು ಒಂದು ಚೀಲ ಜೋಳ ಕೊಟ್ಟು, "ಬೇಕಾದಷ್ಟ ಬೀಸಿಸ್ಕೊಂಡು, ಬೀಸಿದ ದಿನಾನ ಬಡಿಯವಾ" ಎಂದ. ನಿಂಬೆಕ್ಕ ಸರ್ಟಿಫಿಕೇಟನ್ನು ಮತ್ತೆ ಅದೇ ಟವೆಲಿನಲ್ಲಿ ಸುತ್ತಿ ಅವಳ ಕಂಕುಳಿಗಿಟ್ಟಳು.

"ಸದ್ಯ ಗೋಡಿಗೆ ಹಾಕಬ್ಯಾಡ. ಆ ಮಾಸ್ತರು ಉಂಡ ಮ್ಯಾಲ ಫೋನ್ ಮಾಡು."

ಭಾನುವಾರ ಮಧ್ಯಾಹ್ನ ಫೋನು ಬಂತು. ಆ ಕಡೆ ಮೇಷ್ಟ್ರು ಊಟಕ್ಕೆ ಕೂತಿದ್ದರು. ನಿಂಬೆಕ್ಕ ಎದೆ ಗಟ್ಟಿ ಮಾಡಿಕೊಂಡು ಕೇಳಿದಳು, "ರೊಟ್ಟಿ ಹೆಂಗ ಆಗ್ಯಾವ್ರೀ ಸರ?"

ಫೋನಿನಲ್ಲಿ ತಟ್ಟೆಯ ಸದ್ದಷ್ಟೇ ಬಂತು. ನಿಂಬೆಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. ಕಲ್ಲಪ್ಪ ಗಿರಣಿ ನಿಲ್ಲಿಸಿ ಓಡಿಬಂದ. ಆಮೇಲೆ ಬಾಯ್ತುಂಬ ತುತ್ತು ಇಟ್ಟುಕೊಂಡ ದನಿಯೊಂದು ಕೇಳಿತು. ಅದು ನಿಂಬೆಕ್ಕನಿಗೆ ಹೇಳಿದ್ದಲ್ಲ.

"ಪುಟ್ಟತಾಯಮ್ಮಾರ, ಇನ್ನೊಂದು ರೊಟ್ಟಿ ಹಾಕ್ರೀ!"

ಹೊಗಳಿಕೆ ಎಷ್ಟೋ ಕೇಳಿದ್ದ ನಿಂಬೆಕ್ಕನಿಗೆ ಆ ಮಾತಿಗೆ ಕಣ್ಣು ತುಂಬಿಬಂತು.

"ಅಕ್ಕಾ, ಈಗ ಸರ್ಟಿಫಿಕೇಟಿಗೆ ಮೊಳೆ ಹೊಡೀಲಾ?" ಎಂದಳು ಪುಟ್ಟತಾಯಿ.

"ಹೊಡಿಯವಾ! ಜೋರಾಗಿ ಹೊಡಿ, ನನಗೂ ಕೇಳಲಿ!"

ನೀತಿ: ಕಲಿಕೆಯ ಬಾಗಿಲು ಎಲ್ಲರಿಗೂ ತೆರೆದಿರಲಿ, ಆದರೆ ಕಲಿತದ್ದನ್ನು ಉಂಡು ನೋಡದೆ ಯಾರಿಗೂ ಸರ್ಟಿಫಿಕೇಟು ಕೊಡಬೇಡಿ. ಕಲಿಯುವವರು ಎಡವಿದಾಗ ಕಲಿಸುವವರು ಮೊದಲು ತಮ್ಮ ಪಾಠವನ್ನು ತಿರುಗಿ ನೋಡಿಕೊಳ್ಳಲಿ.