ಸೋರೆಬುರುಡೆಯಲ್ಲಿ ಬಂದ ಆಳ

"ಗುರುಗಳೇ, ಅಂಕಿ ಸರಿಯಿದ್ದರೆ ಸಾಲದೆ? ಪ್ರತಿ ಅಂಕಿಯ ಪಕ್ಕದಲ್ಲೂ ಅದು ಯಾವ ಅಳತೆ ಎಂದು ಬೇರೆ ಬರೆಯಬೇಕೆ?"

ಹೀಗೆ ಕೇಳಿದ ಶಿಷ್ಯ, ಆಶ್ರಮದ ಮಳೆಯ ಲೆಕ್ಕವನ್ನು ದೂರದ ಇನ್ನೊಂದು ಆಶ್ರಮಕ್ಕೆ ಕಳುಹಿಸಲು ನಕಲು ಮಾಡುತ್ತಿದ್ದ.

"ಕೈ ನೋವೋ, ಸೋಮಾರಿತನವೋ?" ಎಂದರು ಗುರುಗಳು. "ಇರಲಿ, ಕೇಳು."

ಬೆಟ್ಟದಲ್ಲಿ ಹೊಳೆ ದಾಟುವ ಜಾಗಕ್ಕೆ ಒಬ್ಬ ಕಾವಲುಗಾರನಿದ್ದ. ಕಾಲು ಸೋತವನು, ಗುಡಿಸಲು ಬಿಟ್ಟು ಎಲ್ಲಿಗೂ ಹೋಗಲಾರ. ಅವನಿಗಿದ್ದವಳು ಒಬ್ಬಳೇ ಮಗಳು. ಅವಳನ್ನು ಆಚೆ ದಡದ ಕೆಳಗಿನ ಊರಿಗೆ ಕೊಟ್ಟಿದ್ದ. ಅಲ್ಲಿಂದ ಇಲ್ಲಿಗೆ ಆಚೆ ದಡದಲ್ಲೇ ಒಂದು ಹಗಲಿನ ಕಾಡುದಾರಿ, ಈಚೆ ದಡದಲ್ಲಿ ದಾರಿಯಿಲ್ಲ; ಕೊನೆಗೆ ಇಲ್ಲೇ ಹೊಳೆಗಿಳಿದು ದಾಟಬೇಕು. ವರ್ಷಕ್ಕೊಮ್ಮೆ ನೀರು ಇಳಿದಾಗ ಅವಳು ಬರುತ್ತಿದ್ದಳು. ಅವನ ಬಾಳಿನಲ್ಲಿ ಹಬ್ಬವೆಂದರೆ ಅದೊಂದೇ.

ಅವನು ದಿನವೂ ನೀರಿನ ಆಳವನ್ನು ಗೇಣಿನಲ್ಲಿ ಅಳೆಯುವನು. ಎಷ್ಟು ಗೇಣೋ ಅಷ್ಟು ಗಂಟನ್ನು ಹಗ್ಗಕ್ಕೆ ಹಾಕಿ, ಸೋರೆಬುರುಡೆಗೆ ಕಟ್ಟಿ ತೇಲಿಬಿಡುವನು. ಕೆಳಗಿನ ಊರಿನ ಅಂಬಿಗ ಅದನ್ನು ಹಿಡಿದು, ಗಂಟು ಎಣಿಸಿ, ದಾರಿಹೋಕರಿಗೆ ಹೇಳುವನು. ಗೇಣೆಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದುದನ್ನು ಯಾರು ಹೇಳುತ್ತಾರೆ?

ಒಂದು ವರ್ಷ ಆ ಅಂಬಿಗ ತೀರಿಕೊಂಡ. ಹೊಸಬ ಬೇರೆ ಸೀಮೆಯವನು. ಅವನ ಕಡೆ ನೀರಿಗೆ ಮೊಳದ ಅಳತೆ, ಮೊಳವೆಂದರೆ ಎರಡು ಗೇಣು. ಮೇಲಿದ್ದವನಿಗೆ ಇದು ತಿಳಿಯುವ ಬಗೆಯಿರಲಿಲ್ಲ.

ನೀರು ಸೊಂಟಮಟ್ಟಕ್ಕೆ ಇಳಿಯಿತು. ಕಾವಲುಗಾರ ನಾಲ್ಕು ಗಂಟು ಹಾಕಿ ಬಿಟ್ಟ. ಗುಡಿಸಲು ಗುಡಿಸಿ, ಊಟಕ್ಕೆ ಎರಡು ಎಲೆ ಹಾಸಿ ಕುಳಿತ.

ಕೆಳಗೆ ಮಗಳು ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಅಂಬಿಗನ ಮುಂದೆ ನಿಂತಿದ್ದಳು. "ಎಷ್ಟೈತಣ್ಣಾ?"

"ನಾಲ್ಕು ಮೊಳ ಕಣವ್ವಾ. ಆಳೇ ಮುಳುಗ್ತಾನೆ, ಕೂಸು ಕಟ್ಕೊಂಡು ಹೋಗ್ತೀಯಾ? ಮನೀಗ್ ನಡಿ."

ಅವಳು ಅಳುತ್ತಾ ಹಿಂತಿರುಗಿದಳು. ಮರುದಿನ ಮತ್ತೆ ಬಂದಳು, ಮತ್ತೆ ಹಿಂತಿರುಗಿದಳು. ಮೇಲೆ ತಂದೆ ದಿನವೂ ಎರಡು ಎಲೆ ಹಾಸಿದ. ಆಮೇಲೆ ಒಂದೇ ಹಾಸಿದ. 'ಸಂಸಾರವಾಯಿತು, ಮನೆಯಾಯಿತು, ಇನ್ನು ಮುದುಕ ಯಾಕೆ ಬೇಕು' ಎಂದುಕೊಂಡ. ಮುಂದಿನ ಮಳೆ ಹಿಡಿಯುವ ಮೊದಲೇ ಸತ್ತ. ಹತ್ತಿರ ಯಾರೂ ಇರಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಆದರೆ ಗುರುಗಳೇ, ಅವನು ಹಾಕಿದ ಗಂಟುಗಳಲ್ಲಿ ಒಂದೂ ತಪ್ಪಿರಲಿಲ್ಲವಲ್ಲ!"

"ಒಂದೂ ತಪ್ಪಿರಲಿಲ್ಲ ಮಗು, ಅದಕ್ಕೇ ಅವನು ಕೊನೆಯವರೆಗೂ ತಪ್ಪು ಮಗಳದೆಂದೇ ತಿಳಿದ."