ಕಾಲಾಳಿನ ಬಡ್ತಿ

ನಮ್ಮ ಕಚೇರಿಯ ಜವಾನನ ಬುದ್ಧಿ ನೆನೆದರೆ ನನಗೆ ಇವತ್ತಿಗೂ ನಗು ತಡೆಯೋಕಾಗೋದಿಲ್ಲ ನೋಡಿ. ಮಗಳ ನಿಶ್ಚಿತಾರ್ಥಕ್ಕೆ ರಜೆ ಕೇಳಿದ. ಸಾಹೇಬರು ಅವನ ಅರ್ಜಿಯ ಮೇಲೆ ಚೆಸ್ ಬೋರ್ಡಿಟ್ಟರು.

“ಡಬಲ್ ಪದವೀಧರ ನಾನೇ ಈ ಚೆಸ್ ಒಗಟಿನ ಜೊತೆ ಮೂರು ದಿನದಿಂದ ಒದ್ದಾಡ್ತಿದ್ದೀನಿ. ಬಿಳಿಯ ಒಂದೇ ನಡೆಯಲ್ಲಿ ಚೆಕ್‌ಮೇಟ್ ಮಾಡು, ರಜೆ ತಗೋ.”

ಜವಾನ ಬಿಳಿ ಕಾಲಾಳನ್ನು ಕೊನೆಯ ಮನೆಗೆ ತಳ್ಳಿದ.

“ಅದು ನನಗೂ ಗೊತ್ತಯ್ಯಾ. ಕೊನೆ ಮನೆ ಮುಟ್ಟಿದ ಕಾಲಾಳಿಗೆ ಬಡ್ತಿ. ಆದರೆ ಅದನ್ನ ಮಂತ್ರಿ ಮಾಡಿದರೂ ಕರಿ ರಾಜ ತಪ್ಪಿಸಿಕೊಳ್ತಾನೆ.”

“ಮಂತ್ರಿ ಯಾಕೆ ಸಾರ್? ಕುದುರೆ ಮಾಡೋಣ” ಎಂದು ಅಲ್ಲಿ ಕುದುರೆ ಇಟ್ಟ. ಕುದುರೆಯಿಂದ ಚೆಕ್, ರಾಜನಿಗೆ ಮಿಸುಕಾಡಲು ಜಾಗವಿಲ್ಲ.

“ನಿನಗೆ ಹೇಗಯ್ಯಾ ಹೊಳೀತು?”

“ಬಡ್ತಿ ಸಿಕ್ಕವರೆಲ್ಲ ಮಂತ್ರಿಯಾಗಿ ಕೂತರೆ ಓಡಾಡೋರು ಯಾರು ಸಾರ್?”

ಸಾಹೇಬರು ಅರ್ಜಿ ಎಳೆದುಕೊಂಡರು. ಸಹಿಗೆ ಪೆನ್ನಿಲ್ಲ. “ಓಡೋ, ತಗೊಂಬಾ” ಎನ್ನಲು ಬಾಯಿ ತೆರೆದವರು, ಹಾಗೇ ಮುಚ್ಚಿಕೊಂಡು, ತಾವೇ ಎದ್ದು ಹೋಗಿ ತಂದರು.