ಫಕೀರವ್ವ ಮಾಡಿದ ತೂತು

ಹೊಳೆದಂಡೆಯ ಮಠದಲ್ಲಿ ಮೌನೇಶಜ್ಜನೆಂಬ ಗುರುವಿದ್ದ. ತಗಡಿನ ಡಬ್ಬಿಗೆ ಸಣ್ಣ ತೂತು ಮಾಡಿ, ಲೆನ್ಸ್ ಇಲ್ಲದೆಯೇ ಫೋಟೊ ತೆಗೆಯುತ್ತಿದ್ದ. ಬಂದ ಶಿಷ್ಯರಿಗೆ ಮಂತ್ರ ಕೊಡುತ್ತಿರಲಿಲ್ಲ, ತೂತು ಮಾಡುವುದನ್ನು ಕಲಿಸುತ್ತಿದ್ದ.

ದೋಣಿ ಮಗುಚಿ ಗಂಡ ತೀರಿಕೊಂಡ ಮೇಲೆ ಫಕೀರವ್ವ ಅವನಲ್ಲಿಗೆ ಬಂದಳು.

"ಆಚೆ ದಂಡಿ ಊರಾಗ ಮಗಳು ಹಡದಾಳ್ರಿ ಅಜ್ಜಾರ. ಮೊಮ್ಮಗನ ಮಾರಿ ನೋಡಿಲ್ಲ. ಹೊಳಿ ಕಂಡರ ಜೀವ ಝಲ್ ಅಂತೈತಿ. ಏನಾರ ದಾರಿ ಹೇಳ್ರಿ."

ಅಜ್ಜ ಅವಳ ಕೈಗೆ ತಗಡಿನ ಚೂರು ಮತ್ತು ದಬ್ಬಣ ಕೊಟ್ಟ.

"ತೂತು ಮಾಡು."

ಅವಳು ಒಂದೇ ಏಟಿಗೆ ಚುಚ್ಚಿದಳು. ಅಜ್ಜ ಅದನ್ನು ಬೆಳಕಿಗೆ ಹಿಡಿದ. ಅಂಚೆಲ್ಲ ಹರಿದಿತ್ತು.

"ಇದು ತೂತಲ್ಲವ್ವ, ಗಾಯ."

"ಮತ್ತ ಹೆಂಗ ಮಾಡ್ಲಿ?"

"ಚುಚ್ಚಬ್ಯಾಡ, ಒತ್ತು. ಹಿಂದ ಉಬ್ಬತೈತಿ, ಅದನ್ನ ಉಜ್ಜು. ಮತ್ತ ಒತ್ತು, ಮತ್ತ ಉಜ್ಜು. ತಗಡು ತೆಳ್ಳಗಾಗಿ ತಾನ ದಾರಿ ಬಿಡತೈತಿ."

ಫಕೀರವ್ವನಿಗೆ ಸಿಟ್ಟು ಬಂತು. ಹೊಳೆ ದಾಟಿಸು ಅಂದರೆ ಈ ಅಜ್ಜ ತಗಡು ಉಜ್ಜಿಸುತ್ತಾನಲ್ಲ! ಗೊಣಗುತ್ತಲೇ ಉಜ್ಜಿದಳು. ಎಷ್ಟೋ ಚೂರು ಕೆಟ್ಟವು. ಕಡೆಗೊಂದು ಬೆಳಿಗ್ಗೆ ಸಾಸಿವೆ ಕಾಳಿನಷ್ಟು ದುಂಡನೆಯ, ಅಂಚು ನುಣುಪಾದ ತೂತು ಬಿತ್ತು.

ಅಜ್ಜ ಅದನ್ನು ಡಬ್ಬಿಗೆ ಹಚ್ಚಲಿಲ್ಲ. ಮಠದಲ್ಲಿ ಅವಳು ಉಳಿದುಕೊಂಡಿದ್ದ ಕೋಣೆಗೆ ನಡೆದ. ಹೊಳೆ ಕಾಣಬಾರದೆಂದು ಅವಳು ಬಂದ ದಿನವೇ ಮುಚ್ಚಿದ್ದ ಕಿಟಕಿಯ ಹಲಗೆಗೆ ಕಿಂಡಿ ಕೊರೆದು, ಅದರ ಮೇಲೆ ತಗಡನ್ನು ಬಡಿದು ಕೂರಿಸಿದ. ಬಾಗಿಲು ಹಾಕಿ ಸಂದಿಗೆಲ್ಲ ಕಂಬಳಿ ತುರುಕಿದ.

"ಏನೂ ಕಾಣವಲ್ದು ಅಜ್ಜಾರ."

"ತಡಿ, ಕಣ್ಣು ಹೊಂದಲಿ."

ತೂತಿನಿಂದ ಬಂದ ಬೆಳಕಿನಲ್ಲಿ ಎದುರಿನ ಸುಣ್ಣದ ಗೋಡೆ ಮೆಲ್ಲಗೆ ಅಲುಗಾಡಿದಂತಾಯಿತು. ಹೊಳೆ ಒಳಗೆ ಬಂದಿತ್ತು! ಬಣ್ಣದ ಸಮೇತ, ತಲೆಕೆಳಗಾಗಿ, ಒಂಚೂರೂ ಸದ್ದಿಲ್ಲದೆ ಹರಿಯುತ್ತಿತ್ತು. ನೀರಿನ ಕೆಳಗೆ ಆಕಾಶವಿತ್ತು. ಹೆಂಗಸರು ಕಾಲು ಮೇಲಾಗಿ ನಿಂತು ಬಟ್ಟೆ ಒಗೆಯುತ್ತಿದ್ದರು.

ಫಕೀರವ್ವ ಚೀರಿ ಬಾಗಿಲ ಕಡೆ ತಿರುಗಿದಳು. ಆದರೆ ಮತ್ತೆ ಗೋಡೆಯತ್ತಲೇ ಹೊರಳಿ ನೋಡಿದಳು. ಅಷ್ಟು ಚೆಂದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಗೋಡೆಯಲ್ಲಿ ದೋಣಿಯೊಂದು ಹೊರಟಿತು. ಅವಳು ಅಂಗೈ ಒಡ್ಡಿದಳು. ದೋಣಿ ಅಂಗೈ ಹತ್ತಿತು, ಬೆರಳು ದಾಟಿತು, ಆಚೆ ದಡ ಮುಟ್ಟಿತು. ಜನ ಇಳಿದರು. ಅವಳಿಗೆ ಕಣ್ಣೀರು ತಡೆಯಲಾಗಲಿಲ್ಲ.

"ಅಷ್ಟು ದೊಡ್ಡ ಹೊಳಿ, ಇಷ್ಟು ಸಣ್ಣ ತೂತಿನಾಗ ಹೆಂಗ ಬಂತ್ರಿ?"

"ನನಗೂ ಇನ್ನೂ ಬೆರಗು ಹೋಗಿಲ್ಲವ್ವ."

ಆಮೇಲೆ ಅವಳು ಕಿಟಕಿಯ ಅಗಳಿಯ ಮೇಲೆ ಕೈ ಇಟ್ಟಳು.

"ತೆಗೀಲೇನ್ರಿ ಅಜ್ಜಾರ?"

"ತೆಗದರ ಚಿತ್ರ ಹೋಗತೈತಿ ಫಕೀರವ್ವ. ಹೊಳಿ ಇರತೈತಿ."